ಬೆಂಕಿಗೂ ಬೇಕು ಮುಯ್ಯಾಳು

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ಕೆಲವು ಕಡೆ ಇದಕ್ಕೆ ಮುಯ್ಯಿ ಅಂತಾರೆ. ಇವತ್ತು ನಾವು ನಿಮ್ಮ ಗದ್ದೆಗೆ ನಾಟಿಗೆ ಬರುತ್ತೇವೆ. ನಾಳೆ ನೀವು ನಮ್ಮ ಗದ್ದೆಗೆ ಬರುತ್ತೀರಿ. ಕೂಲಿ ಇಲ್ಲ. ಆದರೆ ಬಂದವರ ಋಣ ತೀರಿಸದೆ ಯಾರೂ ಇರುವುದಿಲ್ಲ. ಒಂದು ಮನೆಯವರೇ ಮಾಡಿದರೆ ಹತ್ತು ದಿನ ಹಿಡಿಯುವ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ.

ಈ ಮುಯ್ಯಾಳು ಸುಮ್ಮನೆ ನಡೆಯುತ್ತದೆಯೇ? ಇಲ್ಲ. ಹಿಂದಿನ ದಿನವೇ ಮಾತಾಗಿರುತ್ತದೆ. ಯಾರ ಗದ್ದೆ? ಎಷ್ಟು ಹೊತ್ತಿಗೆ? ಎಷ್ಟು ಆಳು ಬೇಕು? ಸಸಿ ಕಿತ್ತು ಇಟ್ಟಿದ್ದಾರಾ? ಗದ್ದೆಗೆ ನೀರು ಕಟ್ಟಿದ್ದಾರಾ? ಬುತ್ತಿ ಯಾರದು? ಇಷ್ಟೂ ಗೊತ್ತಾದ ಮೇಲೆ ಜನ ಗದ್ದೆಗೆ ಇಳಿಯುತ್ತಾರೆ. ಮಾತಾಡದೆ ಇಪ್ಪತ್ತು ಜನ ಬಂದರು ಅನ್ನಿ. ಸಸಿ ಇಲ್ಲ, ನೀರಿಲ್ಲ. ಆಗ ಇಪ್ಪತ್ತು ಜನವೂ ಬದುವಿನ ಮೇಲೆ ಕೂರಬೇಕು. ಬಂದ ಸಹಾಯ ಬಂದ ದಾರಿಯಲ್ಲೇ ಹೋಗುತ್ತದೆ.

ಬೆಂಕಿ ನಂದಿಸುವವರಿಗೂ ಇಂಥ ಮುಯ್ಯಾಳು ಇದೆ. ಒಂದು ಊರಿನ ಅಗ್ನಿಶಾಮಕ ದಳದಿಂದ ನಂದಿಸಲು ಆಗದ ಬೆಂಕಿಯನ್ನು ಅಕ್ಕಪಕ್ಕದ ಊರುಗಳ ದಳಗಳು ಕೂಡಿ ನಂದಿಸುತ್ತವೆ. ಇದಕ್ಕೆ ಪರಸ್ಪರ ನೆರವು ಎಂದು ಹೆಸರು. ಒಬ್ಬರಿಗೆ ಒಬ್ಬರು ಆಗುವುದು ಎಂದು ಇದರ ಅರ್ಥ. ಈ ನೆರವು ಹೇಗೆ ನಡೆಯುತ್ತದೆ? ಎಲ್ಲಿ ಕೆಡುತ್ತದೆ? ಇದರಲ್ಲಿ ನಮ್ಮ ಪಾಲು ಏನು? ಈ ಪಾಠದಲ್ಲಿ ತಿಳಿಯೋಣ.

ಒಂದು ಗಾಡಿ ಸಾಲದೇ?

ಬೆಂಕಿ ಬಿದ್ದರೆ ಫೈರ್ ಇಂಜಿನ್ ಬರುತ್ತದೆ. ಒಂದು ಗಾಡಿ ಬಂದರೆ ಸಾಕು, ಬೆಂಕಿ ಆರಿಹೋಗುತ್ತದೆ ಎಂದು ನಾವು ತಿಳಿಯುತ್ತೇವೆ. ಸಣ್ಣ ಬೆಂಕಿಗೆ ಅದು ನಿಜ. ದೊಡ್ಡ ಬೆಂಕಿಗೆ ನಿಜವಲ್ಲ. ಏಕೆ? ಬನ್ನಿ, ಲೆಕ್ಕ ಹಾಕಿ ನೋಡೋಣ.

ಗಾಡಿಗಳಲ್ಲಿ ಸಣ್ಣವೂ ಇವೆ, ದೊಡ್ಡವೂ ಇವೆ. 4,500 ಲೀಟರ್ ನೀರು ಹಿಡಿಯುವ ಒಂದು ಗಾಡಿಯನ್ನು ತೆಗೆದುಕೊಳ್ಳೋಣ. 15 ಲೀಟರಿನ ಬಿಂದಿಗೆಯಲ್ಲಿ ಅಳೆದರೆ ಇದು 300 ಬಿಂದಿಗೆ ನೀರು. ಕೇಳಲು ಬಹಳ ಅನ್ನಿಸುತ್ತದೆ. ಆದರೆ ಒಂದು ಪೈಪಿನಲ್ಲಿ ನಿಮಿಷಕ್ಕೆ 450 ಲೀಟರಿನಂತೆ ನೀರು ಹಾಯಿಸಿದರೆ ಏನಾಗುತ್ತದೆ? ಹತ್ತೇ ನಿಮಿಷದಲ್ಲಿ ಗಾಡಿ ಖಾಲಿ!

ಖಾಲಿಯಾದ ಗಾಡಿ ನೀರು ತರಲು ಹೋಗಬೇಕು. ನೀರು ಇರುವ ಜಾಗ 15 ನಿಮಿಷದ ದಾರಿ ಅನ್ನಿ.

ನೀರು ಹಾಯಿಸಲು 10 ನಿಮಿಷ.
ನೀರಿನ ಕಡೆಗೆ ಹೋಗಲು 15 ನಿಮಿಷ.
ಗಾಡಿ ತುಂಬಿಸಲು 10 ನಿಮಿಷ.
ತಿರುಗಿ ಬರಲು 15 ನಿಮಿಷ.
ಒಟ್ಟು 50 ನಿಮಿಷ.

ಅಂದರೆ ಒಂದು ಗಾಡಿ 50 ನಿಮಿಷಕ್ಕೆ ಒಮ್ಮೆ ಬಂದು 10 ನಿಮಿಷ ಮಾತ್ರ ನೀರು ಕೊಡುತ್ತದೆ. ಉಳಿದ 40 ನಿಮಿಷ ಬೆಂಕಿಗೆ ಹೇಳುವವರು ಕೇಳುವವರು ಇಲ್ಲ. ಆರಿದ ಬೆಂಕಿ ಮತ್ತೆ ಎದ್ದು ನಿಲ್ಲುತ್ತದೆ. ಒಂದು ಪೈಪಿನಲ್ಲಿ ನೀರು ನಿಲ್ಲದೆ ಹರಿಯಬೇಕಾದರೆ ಐದು ಗಾಡಿಗಳು ಬೇಕು. ಒಂದರ ಹಿಂದೆ ಒಂದು ಬರುತ್ತಾ ಇರಬೇಕು. ಎರಡು ಪೈಪು ಬೇಕಾದರೆ ಹತ್ತು ಗಾಡಿ.

ಒಂದು ತಾಲ್ಲೂಕಿನ ಠಾಣೆಯಲ್ಲಿ ಹತ್ತು ಗಾಡಿ ನಿಲ್ಲಿಸಿಕೊಂಡು ಕಾಯಲು ಆಗುತ್ತದೆಯೇ? ಆಗುವುದಿಲ್ಲ. ಆದ್ದರಿಂದಲೇ ಪಕ್ಕದ ಠಾಣೆಗಳ ಗಾಡಿಗಳು ಬರಬೇಕು. ಇದೇ ಮುಯ್ಯಾಳು.

ಈಗ ಇನ್ನೊಂದು ಲೆಕ್ಕ ನೋಡಿ. ನೀರು 15 ನಿಮಿಷದ ದಾರಿಯಲ್ಲಿ ಇಲ್ಲ. ಊರಿನ ಕೆರೆಯೇ ಇದೆ, 3 ನಿಮಿಷದ ದಾರಿ. ಆಗ ಒಂದು ಸುತ್ತಿಗೆ 26 ನಿಮಿಷ ಸಾಕು. ಐದು ಗಾಡಿಯ ಕೆಲಸವನ್ನು ಮೂರೇ ಗಾಡಿಗಳು ಮಾಡುತ್ತವೆ. ಊರ ಹತ್ತಿರ ಒಂದು ನೀರಿನ ಜಾಗ ಇದ್ದರೆ ಎರಡು ಫೈರ್ ಇಂಜಿನ್ ಇದ್ದಷ್ಟು ಲಾಭ! ಈ ಮಾತನ್ನು ನೆನಪಿಡಿ. ಪಾಠದ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಸಹಾಯ ಬಂತು, ಪೈಪು ಕೂರಲಿಲ್ಲ

ಪಕ್ಕದ ಊರಿನ ಗಾಡಿ ಬಂದರೆ ಎಲ್ಲವೂ ಸರಿಹೋಯಿತೇ? ಇದನ್ನು ತಿಳಿಯಲು ನಾವು ಒಂದು ದೂರದ ಊರಿಗೆ ಹೋಗಿ ಬರೋಣ. ಆ ಊರು ಅಮೆರಿಕ ದೇಶದ ಬಾಲ್ಟಿಮೋರ್. ಸಮುದ್ರದ ಬಳಿಯ ದೊಡ್ಡ ವ್ಯಾಪಾರದ ಊರು.

1904ನೇ ಇಸವಿ ಫೆಬ್ರುವರಿ 7. ಅಂದು ಭಾನುವಾರ. ಬೆಳಿಗ್ಗೆ ಒಂದು ದೊಡ್ಡ ಬಟ್ಟೆ ಮಳಿಗೆಗೆ ಬೆಂಕಿ ಹತ್ತಿತು. ಗಾಳಿ ಜೋರಾಗಿತ್ತು. ಕಟ್ಟಡದಿಂದ ಕಟ್ಟಡಕ್ಕೆ ಬೆಂಕಿ ಹಾರಿತು. ಊರಿನ ದಳಕ್ಕೆ ಇದು ಕೈಮೀರಿದ ಬೆಂಕಿ ಎಂದು ಬೇಗನೆ ತಿಳಿಯಿತು. ಅವರು ತಂತಿ ಕಳಿಸಿ ಬೇರೆ ಊರುಗಳ ಸಹಾಯ ಕೇಳಿದರು.

ಸಹಾಯ ಬಂತು. ತಡವಾಗಿ ಅಲ್ಲ, ಬೇಗನೆ ಬಂತು. ಸುಮಾರು 60 ಕಿಲೋಮೀಟರ್ ದೂರದ ವಾಷಿಂಗ್ಟನ್ನಿನಿಂದ ಫೈರ್ ಇಂಜಿನ್‌ಗಳನ್ನು ರೈಲಿನ ಮೇಲೆ ಹೇರಿಕೊಂಡು ಬಂದರು. ಆಮೇಲೆ ಫಿಲಡೆಲ್ಫಿಯಾದಿಂದ ಬಂದರು. ನ್ಯೂಯಾರ್ಕಿನಿಂದ ಬಂದರು. ಇನ್ನೂ ಹಲವು ಊರುಗಳಿಂದ ಬಂದರು. ಸಾವಿರಕ್ಕೂ ಹೆಚ್ಚು ಜನ ಬೆಂಕಿಯ ಜೊತೆ ಹೋರಾಡಿದರು.

ಬಂದವರು ಪೈಪು ಬಿಚ್ಚಿದರು. ಬೀದಿಯ ನೀರಿನ ನಲ್ಲಿಗೆ ಜೋಡಿಸಲು ಹೋದರು. ಕೂರಲಿಲ್ಲ!

ಏಕೆ? ಪೈಪಿಗೂ ನಲ್ಲಿಗೂ ನಡುವೆ ಒಂದು ಜೋಡಣೆ ಇರುತ್ತದೆ. ಇದನ್ನು ಕಪ್ಲಿಂಗ್ ಅಂತಾರೆ. ಪಂಪ್‌ಸೆಟ್ ಇಟ್ಟುಕೊಂಡ ರೈತರಿಗೆ ಇದು ಚೆನ್ನಾಗಿ ಗೊತ್ತು. ಎರಡೂವರೆ ಇಂಚಿನ ಪೈಪಿಗೆ ಎರಡು ಇಂಚಿನ ಕಪ್ಲಿಂಗ್ ಕೂರುತ್ತದೆಯೇ? ಅಳತೆ ಒಂದೇ ಆದರೂ ತಿರುಪಿನ ಹಲ್ಲು ಬೇರೆಯಾದರೆ ಕಚ್ಚುತ್ತದೆಯೇ? ಅಲ್ಲಿಯೂ ಹಾಗೇ ಆಯಿತು. ಒಂದೊಂದು ಊರಿನವರು ಒಂದೊಂದು ಅಳತೆಯ ಸಾಮಾನು ಕೊಂಡಿದ್ದರು. ಅವರವರ ಊರಿನಲ್ಲಿ ಅದು ಸರಿಯಾಗಿಯೇ ಇತ್ತು. ಬೇರೆ ಊರಿಗೆ ಬಂದಾಗ ಬೆಪ್ಪಾದರು.

ಗಾಡಿ ಇತ್ತು. ಜನ ಇದ್ದರು. ಧೈರ್ಯವೂ ಇತ್ತು. ನೀರೂ ಇತ್ತು. ಆದರೆ ನೀರಿಗೂ ಪೈಪಿಗೂ ನಂಟು ಇರಲಿಲ್ಲ. ಕೆಲವರು ದಪ್ಪ ಬಟ್ಟೆಯನ್ನು ಸುತ್ತಿ ಹೇಗೋ ಬಿಗಿದರು. ನೀರು ಸಂದಿಯಿಂದ ಚಿಮ್ಮಿ ಹೋಯಿತು.

ಬೆಂಕಿ 30 ಗಂಟೆಗೂ ಹೆಚ್ಚು ಹೊತ್ತು ಉರಿಯಿತು. ಊರ ನಡುವಿನ 140 ಎಕರೆ ಜಾಗ ಸುಟ್ಟುಹೋಯಿತು. 1,500ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಸಾವಿರಾರು ಜನರ ಕೆಲಸ ಹೋಯಿತು. ಮರುದಿನ ಸಂಜೆ ಬೆಂಕಿ ಒಂದು ಹೊಳೆಯ ದಡಕ್ಕೆ ಬಂದಾಗ ಅಲ್ಲಿ 37 ಇಂಜಿನ್‌ಗಳು ಸಾಲಾಗಿ ನಿಂತು ಅದನ್ನು ತಡೆದವು. ಹೊಳೆಯಿಂದ ನೀರು ಎತ್ತಲು ನಲ್ಲಿಯ ಕಪ್ಲಿಂಗ್ ಬೇಕಿರಲಿಲ್ಲ, ನೋಡಿ!

ಆಮೇಲೆ ಆ ದೇಶದವರು ವಿಚಾರ ಮಾಡಿದರು. ಬೇರೆ ಬೇರೆ ಊರುಗಳಿಂದ ಕಪ್ಲಿಂಗ್‌ಗಳನ್ನು ತರಿಸಿ ನೋಡಿದರು. 600ಕ್ಕೂ ಹೆಚ್ಚು ಬಗೆಯವು ಸಿಕ್ಕವು. 1905ರಲ್ಲಿ ಇಡೀ ದೇಶಕ್ಕೆ ಒಂದೇ ಅಳತೆ ಇರಲಿ ಎಂದು ಗೊತ್ತುಮಾಡಿದರು.

ಗೊತ್ತುಮಾಡಿದರೆ ಸಾಕೇ? ಎಲ್ಲರೂ ಬದಲಾಯಿಸಬೇಕಲ್ಲವೇ? 1991ರ ಅಕ್ಟೋಬರಿನಲ್ಲಿ ಅದೇ ದೇಶದ ಓಕ್‌ಲ್ಯಾಂಡ್ ಎಂಬ ಊರಿನ ಗುಡ್ಡಗಳ ಮೇಲೆ ಬೆಂಕಿ ಎದ್ದಿತು. ನೆರವಿಗೆ ಬಂದವರ ಪೈಪು ಎರಡೂವರೆ ಇಂಚು. ಆ ಊರಿನ ನಲ್ಲಿ ಮೂರು ಇಂಚು. ಮತ್ತೆ ಅದೇ ಕಥೆ! ಆ ಬೆಂಕಿಯಲ್ಲಿ 25 ಜನ ಸತ್ತರು. ಸುಮಾರು 3,000 ಮನೆಗಳು ಹೋದವು. ಗಾಳಿ, ಒಣಹುಲ್ಲು, ಇಕ್ಕಟ್ಟಾದ ದಾರಿ ಎಲ್ಲವೂ ಇದಕ್ಕೆ ಕಾರಣ. ಕಪ್ಲಿಂಗ್ ಕೂರದೆ ಹೋದದ್ದೂ ಒಂದು ಕಾರಣ.

ಒಂದನ್ನು ನಾವು ಇಲ್ಲಿ ಕಲಿಯಬೇಕು. ಸಹಾಯ ಮಾಡುವ ಮನಸ್ಸು ಇದ್ದರೆ ಸಾಲದು. ಸಹಾಯ ಬಂದು ಕೂರುವಂತೆ ಮೊದಲೇ ಅಳತೆ ಮಾಡಿಟ್ಟಿರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಪ್ಪಣೆ ಕೊಡುವವರು ಯಾರು?

ಈಗ ನಮ್ಮ ದೇಶಕ್ಕೆ ಬರೋಣ. ಮುಂಬೈ ಬಂದರು. 1944ರ ಏಪ್ರಿಲ್ 14. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ವಿಕ್ಟೋರಿಯಾ ಡಾಕ್ ಎಂಬ ಕಡೆ ಒಂದು ಹಡಗು ನಿಂತಿತ್ತು. ಅದರ ಹೆಸರು ಫೋರ್ಟ್ ಸ್ಟಿಕೀನ್. ಹಡಗಿನಲ್ಲಿ ಹತ್ತಿಯ ಮೂಟೆಗಳಿದ್ದವು. ಅದೇ ಹಡಗಿನಲ್ಲಿ ಸಾವಿರ ಟನ್ನಿಗೂ ಮೀರಿದ ಸಿಡಿಮದ್ದೂ ಇತ್ತು!

ಮಧ್ಯಾಹ್ನ ಹತ್ತಿಯಿಂದ ಹೊಗೆ ಬಂತು. ಅಗ್ನಿಶಾಮಕ ದಳದವರು ಓಡಿ ಬಂದರು. ನೀರು ಹಾಯಿಸಿದರು. ಹಡಗಿನ ಮೇಲೆ ಹಲವು ಅಧಿಕಾರಿಗಳು ಸೇರಿದರು. ಹಡಗಿನವರು ಇದ್ದರು. ಬಂದರಿನವರು ಇದ್ದರು. ಸೈನ್ಯದವರು ಇದ್ದರು. ಹಡಗನ್ನು ಅಲ್ಲೇ ಮುಳುಗಿಸಬೇಕೇ? ಇಲ್ಲವೇ ಎಳೆದು ಸಮುದ್ರಕ್ಕೆ ಸಾಗಿಸಬೇಕೇ? ಒಬ್ಬೊಬ್ಬರು ಒಂದೊಂದು ಹೇಳಿದರು. ಮಾತು ನಡೆಯಿತು, ತೀರ್ಮಾನ ಆಗಲಿಲ್ಲ. ಇಷ್ಟೂ ಹೊತ್ತು ದಳದವರು ಸಿಡಿಮದ್ದಿನ ಹಡಗಿನ ಮೇಲೆ ನೀರು ಹಿಡಿದು ನಿಂತೇ ಇದ್ದರು.

ಸಂಜೆ ನಾಲ್ಕು ಗಂಟೆ ದಾಟಿತ್ತು. ಹಡಗು ಸಿಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಇನ್ನೂ ಜೋರಾಗಿ ಸಿಡಿಯಿತು. ನೂರಾರು ಜನ ಸತ್ತರು. ಅವರಲ್ಲಿ 66 ಜನ ಬೆಂಕಿ ನಂದಿಸಲು ಬಂದವರು. ಅವರ ನೆನಪಿಗಾಗಿ ಪ್ರತಿವರ್ಷ ಏಪ್ರಿಲ್ 14ನ್ನು ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನ ಎಂದು ಆಚರಿಸುತ್ತಾರೆ. ಅಂದಿನಿಂದ ಒಂದು ವಾರ ಬೆಂಕಿಯ ಬಗ್ಗೆ ಜನರಿಗೆ ತಿಳುವಳಿಕೆ ಕೊಡುತ್ತಾರೆ.

ಹಲವು ಜನ ಸೇರಿದ ಕಡೆ ಅಪ್ಪಣೆ ಕೊಡುವವರು ಒಬ್ಬರೇ ಇರಬೇಕು. ಸಲಹೆ ಹತ್ತು ಜನರದ್ದು ಇರಲಿ. ತೀರ್ಮಾನ ಒಬ್ಬರದು. ಜೀವದ ಬೆಲೆ ಕೊಟ್ಟು ಕಲಿತ ಪಾಠ ಇದು. ಇನ್ನೊಂದು ಪಾಠವೂ ಇದೆ. ಉರಿಯುವುದು ಏನು, ಪಕ್ಕದಲ್ಲಿ ಇರುವುದು ಏನು ಎಂದು ನಂದಿಸಲು ಬಂದವರಿಗೆ ಕೂಡಲೇ ತಿಳಿಯಬೇಕು.

ಒಂದು ಮಾತಿಗೆ ಒಂದೇ ಅರ್ಥ

1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕಾಡಿಗೆ ಬೆಂಕಿ ಬಿತ್ತು. 13 ದಿನ ಉರಿಯಿತು. 16 ಜನ ಸತ್ತರು. ನೂರಾರು ಮನೆಗಳು ಸುಟ್ಟವು. ಅಲ್ಲಿ ಊರೂರ ದಳಗಳು ಒಬ್ಬರಿಗೊಬ್ಬರು ಸಹಾಯ ಮಾಡುತ್ತೇವೆ ಎಂದು 1950ರಲ್ಲಿಯೇ ಕರಾರು ಬರೆದುಕೊಂಡಿದ್ದವು. ಆದರೂ ಗೊಂದಲ ಆಯಿತು. ಒಬ್ಬರ ವೈರ್‌ಲೆಸ್ಸಿನಲ್ಲಿ ಆಡಿದ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಕೇಳಿದರೂ ಅರ್ಥ ಬೇರೆ. ಟ್ಯಾಂಕರ್ ಅಂದರೆ ಒಬ್ಬರಿಗೆ ನೀರಿನ ಲಾರಿ. ಇನ್ನೊಬ್ಬರಿಗೆ ಮೇಲಿನಿಂದ ನೀರು ಸುರಿಯುವ ವಿಮಾನ! ಟ್ಯಾಂಕರ್ ಕಳಿಸಿ ಎಂದರೆ ಏನನ್ನು ಕಳಿಸುವುದು?

ಆಮೇಲೆ ಅವರು ಕೂತು ಒಂದು ಕ್ರಮ ಮಾಡಿದರು. ಇವತ್ತು ಬಹಳ ದೇಶಗಳು ಇದೇ ಬಗೆಯ ಕ್ರಮವನ್ನು ಅನುಸರಿಸುತ್ತವೆ. ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಇಂಥ ಮಾರ್ಗಸೂಚಿ ಹೊರಡಿಸಿದೆ. ಇದರ ಸಾರ ಬಹಳ ಸರಳ.

ಮೊದಲನೆಯದು, ಒಬ್ಬ ನಾಯಕ. ಯಾವ ಊರಿನ ಗಾಡಿ ಬಂದರೂ ಅಲ್ಲಿಯ ನಾಯಕರ ಮಾತಿನಂತೆ ನಡೆಯಬೇಕು.

ಎರಡನೆಯದು, ಒಂದು ಭಾಷೆ. ಗುಟ್ಟಿನ ಪದ, ನಂಬರು ಬೇಡ. ಎಲ್ಲರಿಗೂ ಅರ್ಥವಾಗುವ ಮಾತು ಬೇಕು.

ಮೂರನೆಯದು, ಐದು ಜನಕ್ಕೆ ಒಬ್ಬ ಮೇಸ್ತ್ರಿ. ಒಬ್ಬರು ಮೂರರಿಂದ ಏಳು ಜನರನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಬಲ್ಲರು. ಐದು ಇದ್ದರೆ ಚೆನ್ನ. ಐವತ್ತು ಜನ ಒಬ್ಬರ ಮುಖ ನೋಡುತ್ತಾ ನಿಂತರೆ ಕೆಲಸ ಕೆಡುತ್ತದೆ. ಹೊಲದಲ್ಲಿ ಆಳು ಮಾಡಿಸಿದವರಿಗೆ ಇದು ಗೊತ್ತೇ ಇದೆ.

ನಾಲ್ಕನೆಯದು, ಒಂದು ನಿಲ್ದಾಣ. ಬಂದ ಗಾಡಿಗಳೆಲ್ಲ ನೇರವಾಗಿ ಬೆಂಕಿಯ ಮುಂದೆ ನುಗ್ಗಬಾರದು. ಸ್ವಲ್ಪ ದೂರದಲ್ಲಿ ಒಂದು ಬಯಲಿನಲ್ಲಿ ನಿಲ್ಲಬೇಕು. ಹೆಸರು ಬರೆಸಬೇಕು. ಕರೆದಾಗ ಮುಂದೆ ಹೋಗಬೇಕು. ಇಲ್ಲದಿದ್ದರೆ ಗಾಡಿಗೆ ಗಾಡಿ ಅಡ್ಡ ನಿಂತು, ನೀರು ತರಲು ಹೊರಗೆ ಹೋಗಲೂ ದಾರಿ ಇರುವುದಿಲ್ಲ.

ಐದನೆಯದು, ತಲೆ ಎಣಿಕೆ. ಎಷ್ಟು ಜನ ಒಳಗೆ ಹೋದರು? ಎಷ್ಟು ಜನ ಹೊರಗೆ ಬಂದರು? ಬೇರೆ ಊರಿನಿಂದ ಬಂದವರ ಮುಖ ಈ ಊರಿನವರಿಗೆ ಗೊತ್ತಿರುವುದಿಲ್ಲ. ಒಬ್ಬರು ಹೊಗೆಯಲ್ಲಿ ಬಿದ್ದರೆ ಯಾರು ಕೇಳಬೇಕು? ಅದಕ್ಕೇ ಹೆಸರು ಬರೆದುಕೊಳ್ಳಬೇಕು. ನೋಡಿ, ಅಕ್ಷರ ಕಲಿತದ್ದು ಜೀವ ಉಳಿಸಲೂ ಬರುತ್ತದೆ!

ನೆರವಿಗೆ ಹೋದ ಊರು ಬರಿದಾಗಬಾರದು

ಇನ್ನೊಂದು ವಿಷಯ ಇದೆ. ಪಕ್ಕದೂರಿನ ಠಾಣೆಯಲ್ಲಿ ಎರಡು ಗಾಡಿ ಇವೆ ಅನ್ನಿ. ಎರಡೂ ನಮ್ಮೂರಿಗೆ ಬಂದವು. ಅಷ್ಟರಲ್ಲಿ ಅವರ ಊರಿನಲ್ಲೇ ಬೆಂಕಿ ಬಿದ್ದರೆ? ನಮ್ಮನ್ನು ಉಳಿಸಲು ಬಂದು ಅವರು ಕೆಡಬೇಕೇ?

ಆದ್ದರಿಂದ ಎಲ್ಲ ಗಾಡಿಗಳನ್ನೂ ಒಂದೇ ಕಡೆಯಿಂದ ಕರೆಯಬಾರದು. ನಾಲ್ಕು ಠಾಣೆಗಳಿಂದ ಒಂದೊಂದು ಕರೆದರೆ ಯಾರೂ ಬರಿದಾಗುವುದಿಲ್ಲ. ಒಂದು ಠಾಣೆ ಬರಿದಾದರೆ ಅದರ ಆಚೆಯ ಠಾಣೆಯಿಂದ ಒಂದು ಗಾಡಿ ಬಂದು ಅಲ್ಲಿ ಕಾವಲು ನಿಲ್ಲಬೇಕು. ಯಾರನ್ನು ಮೊದಲು ಕರೆಯಬೇಕು, ಯಾರು ಕಾವಲಿಗೆ ಬರಬೇಕು ಎಂದು ಮೊದಲೇ ಪಟ್ಟಿ ಬರೆದಿಡಬೇಕು. ಉರಿಯ ಮುಂದೆ ನಿಂತು ಪಟ್ಟಿ ಮಾಡಲು ಆಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಹೇಗೆ?

ನಮ್ಮ ಕರ್ನಾಟಕದಲ್ಲಿ ಇಡೀ ರಾಜ್ಯಕ್ಕೆ ಒಂದು ಅಗ್ನಿಶಾಮಕ ಇಲಾಖೆ ಇದೆ. ಇದಕ್ಕಾಗಿ 1964ರಲ್ಲಿ ಕಾಯಿದೆ ಆಯಿತು. ಇಲಾಖೆ ಒಂದೇ ಆದ್ದರಿಂದ ಒಂದು ತಾಲ್ಲೂಕಿನ ಗಾಡಿ ಇನ್ನೊಂದು ತಾಲ್ಲೂಕಿಗೆ ಹೋಗುವುದು ಸುಲಭ. ಪೈಪಿನ ಕಪ್ಲಿಂಗಿಗೂ ನಮ್ಮ ದೇಶದಲ್ಲಿ ಗೊತ್ತುಮಾಡಿದ ಅಳತೆ ಇದೆ. ಸಾಮಾನ್ಯವಾಗಿ ಬಳಸುವುದು 63 ಮಿಲಿಮೀಟರಿನದು. ಅದಕ್ಕೆ ತಿರುಪು ಸುತ್ತಬೇಕಿಲ್ಲ. ಒತ್ತಿದರೆ ಕಚ್ಚಿಕೊಳ್ಳುತ್ತದೆ.

ಆದರೆ ದೊಡ್ಡ ಅನಾಹುತಕ್ಕೆ ಒಂದು ಇಲಾಖೆ ಸಾಲದು. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. 158 ಜನ ಸತ್ತರು. 8 ಜನ ಬದುಕಿದರು. ಅಂದು ಮೊದಲು ಓಡಿ ಬಂದವರಲ್ಲಿ ಅಕ್ಕಪಕ್ಕದ ಹಳ್ಳಿಯ ಜನ ಇದ್ದರು. ಫೈರ್ ಇಂಜಿನ್‌ಗಳು ಬಂದವು. ಆಂಬುಲೆನ್ಸ್‌ಗಳು ಬಂದವು. ಪೊಲೀಸರು ಬಂದರು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ಅರಣ್ಯ ಇಲಾಖೆಯವರು, ಅಗ್ನಿಶಾಮಕ ದಳದವರು, ಸ್ವಯಂಸೇವಕರು ಕೂಡಿ ನಂದಿಸಿದರು. ವಾಯುಪಡೆಯ ಹೆಲಿಕಾಪ್ಟರುಗಳು ಮೇಲಿನಿಂದ ನೀರು ಸುರಿದವು.

ಇಷ್ಟೆಲ್ಲ ಜನರನ್ನು ಒಂದು ದಾರಿಗೆ ತರುವವರು ಯಾರು? 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಗೆ ಒಂದು ಪ್ರಾಧಿಕಾರ ಇರಬೇಕು. ಜಿಲ್ಲಾಧಿಕಾರಿಯವರು ಇದರ ಅಧ್ಯಕ್ಷರು. ಜನರಿಂದ ಆರಿಸಿ ಬಂದ ಸ್ಥಳೀಯ ಸಂಸ್ಥೆಯ ಪ್ರತಿನಿಧಿಯೂ ಜೊತೆಗೆ ಇರುತ್ತಾರೆ. ಜಿಲ್ಲೆಗೆ ಒಂದು ಯೋಜನೆ ಬರೆದಿಡಬೇಕು. ಅಗತ್ಯ ಬಿದ್ದರೆ ಖಾಸಗಿಯವರ ಲಾರಿ, ಟ್ಯಾಂಕರ್, ಜೆಸಿಬಿ ಕೂಡ ತರಿಸಿಕೊಳ್ಳುವ ಅಧಿಕಾರ ಕಾಯಿದೆಯಲ್ಲಿ ಇದೆ.

ಕಾರ್ಖಾನೆಯ ಹತ್ತಿರ ಇರುವವರು ಇನ್ನೊಂದು ಮಾತು ತಿಳಿದಿರಬೇಕು. 1984ರಲ್ಲಿ ಭೋಪಾಲದಲ್ಲಿ ವಿಷಾನಿಲ ಹರಡಿ ಸಾವಿರಾರು ಜನ ಸತ್ತರು. ಗೋಡೆಯ ಆಚೆ ಏನಿದೆ ಎಂದು ಪಕ್ಕದ ಜನರಿಗೆ ಗೊತ್ತಿರಲಿಲ್ಲ. ಆಮೇಲೆ 1989ರಲ್ಲಿ ನಿಯಮ ಬಂತು. ಅಪಾಯದ ರಾಸಾಯನಿಕಗಳನ್ನು ಹೆಚ್ಚಾಗಿ ಇಟ್ಟುಕೊಂಡ ಕಾರ್ಖಾನೆಯವರು ಸುತ್ತಲಿನ ಜನರಿಗೆ ಅಪಾಯ ಏನು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸಬೇಕು. ಕೇಳುವುದು ನಮ್ಮ ಹಕ್ಕು. ಹೇಳುವುದು ಅವರ ಕರ್ತವ್ಯ.

ನಾವು ಏನು ಮಾಡಬಹುದು?

ಇದೆಲ್ಲ ಅಧಿಕಾರಿಗಳ ಕೆಲಸ, ನಮಗೇನು ಅಂತ ಕೂರಬಾರದು. ಗಾಡಿ ಬರುವ ತನಕ ಊರೇ ಮೊದಲ ದಳ. ಬಂದ ಮೇಲೆ ಊರೇ ಅವರ ಕಣ್ಣು. ನೆಂಟರು ಬರುತ್ತಾರೆ ಅಂದರೆ ಮನೆ ಗುಡಿಸಿ ಇಡುತ್ತೇವೆ. ಹಾಗೆಯೇ ಸಹಾಯ ಬರುವುದಕ್ಕೆ ಊರನ್ನು ಸಿದ್ಧವಾಗಿ ಇಡಬೇಕು.

ನೀರು ಎಲ್ಲಿದೆ? ಕೆರೆ, ಬಾವಿ, ಕಟ್ಟೆ, ನೀರಿನ ಟ್ಯಾಂಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಬೇಸಿಗೆಯಲ್ಲೂ ನೀರು ಇರುತ್ತದೆಯೇ? ತುಂಬಿದ ಗಾಡಿ ಭಾರ ಇರುತ್ತದೆ. ಅದು ನೀರಿನ ಹತ್ತಿರ ಹೋಗಿ ಹೂತುಕೊಳ್ಳದೆ ಬರುತ್ತದೆಯೇ? ನಮ್ಮ ಪಂಪ್‌ಸೆಟ್ಟಿನಿಂದ ಗಾಡಿಗೆ ನೀರು ತುಂಬಿಸಲು ಆಗುತ್ತದೆಯೇ? ಒಮ್ಮೆ ಠಾಣೆಯವರನ್ನು ಕರೆಸಿ ತೋರಿಸಿ. ಪೈಪು ಕೂರುತ್ತದೋ ಇಲ್ಲವೋ ಅಂದೇ ತಿಳಿಯುತ್ತದೆ. ಬಾಲ್ಟಿಮೋರಿನ ಕಥೆ ನಮ್ಮೂರಿನಲ್ಲಿ ಆಗುವುದು ಬೇಡ.

ದಾರಿ ಎಷ್ಟು ಅಗಲ? ಓಣಿಯಲ್ಲಿ ಕಲ್ಲು, ಗಾಡಿ, ಸೌದೆ ಇಟ್ಟಿದ್ದೇವೆಯೇ? ಕರೆಂಟಿನ ತಂತಿ ಜೋತು ಬಿದ್ದಿದೆಯೇ? ಜಾತ್ರೆ, ಮದುವೆ ಕಾಲದಲ್ಲಿ ದಾರಿಗೆ ಅಡ್ಡಲಾಗಿ ಚಪ್ಪರ ಹಾಕುತ್ತೇವೆಯೇ?

ಮಾತಾಡುವವರು ಯಾರು? ಗಾಡಿ ಬಂದಾಗ ಹತ್ತು ಜನ ಕೂಗಬಾರದು. ಊರಿನ ಪರವಾಗಿ ಒಬ್ಬರು ಮಾತಾಡಲಿ. ಅವರು ಇಲ್ಲದಿದ್ದರೆ ಇನ್ನೊಬ್ಬರು ಯಾರು ಎಂದೂ ಗೊತ್ತಿರಲಿ. ಹೆಣ್ಣುಮಕ್ಕಳಲ್ಲೂ ಒಬ್ಬರು ಇರಲಿ. ಹಗಲು ಹೊತ್ತು ಗಂಡಸರು ಹೊಲದಲ್ಲಿ ಇದ್ದಾಗ ಮನೆ ಹತ್ತಿರ ಇರುವವರು ಅವರೇ ಅಲ್ಲವೇ?

ಒಳಗೆ ಏನಿದೆ, ಯಾರಿದ್ದಾರೆ? ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಬೆಳೆಗೆ ಹೊಡೆಯುವ ಔಷಧಿ, ಪಟಾಕಿ ಇದ್ದರೆ ಮುಚ್ಚಿಡದೆ ಮೊದಲು ಹೇಳಿ. ನಡೆಯಲಾರದ ಮುದುಕರು, ಮಲಗಿದ ಮಕ್ಕಳು ಒಳಗಿದ್ದರೆ ಎಲ್ಲಿದ್ದಾರೆ ಎಂದು ಹೇಳಿ. ದನಕ್ಕಿಂತ ಮೊದಲು ಜನ. ಆಸ್ತಿಗಿಂತ ಮೊದಲು ಜೀವ.

ಕರೆಂಟು ನಿಲ್ಲಿಸುವವರು ಯಾರು? ಲೈನ್‌ಮನ್ ಅವರ ಫೋನ್ ನಂಬರು ಗೋಡೆಯ ಮೇಲೆ ಬರೆದಿರಲಿ.

ನೋಡಲು ಬಂದವರು ದೂರ ನಿಲ್ಲಲಿ. ಕೆಲಸ ಇಲ್ಲದ ಜನ ಗುಂಪು ಕಟ್ಟಿದರೆ ಗಾಡಿಗೆ ದಾರಿ ಸಿಗುವುದಿಲ್ಲ.

ಫೋನ್ ಮಾಡುವುದು ಹೀಗೆ

ಬೆಂಕಿ ಕಂಡರೆ 101 ಅಥವಾ 112ಕ್ಕೆ ಫೋನ್ ಮಾಡಿ. ದುಡ್ಡು ಬೇಕಿಲ್ಲ. ಬೇಗ ಮಾಡಿ. ನಾವೇ ಆರಿಸುತ್ತೇವೆ ಎಂದು ಅರ್ಧ ಗಂಟೆ ಕಳೆದು ಆಮೇಲೆ ಮಾಡಬೇಡಿ. ಹೀಗೆ ಮಾತಾಡಿ:

“ಹಲೋ, ಬೆಂಕಿ ಬಿದ್ದಿದೆ ಸಾರ್.”

“ಎಲ್ಲಮ್ಮ? ಯಾವ ಊರು?”

“ಊರು ______. ತಾಲ್ಲೂಕು ______. ______ ರಸ್ತೆಯಿಂದ ಬಂದರೆ ______ ಹತ್ತಿರ ಎಡಕ್ಕೆ ತಿರುಗಬೇಕು.”

“ಏನು ಉರೀತಾ ಇದೆ?”

“ಹುಲ್ಲಿನ ಬಣವೆ ಸಾರ್. ಪಕ್ಕದಲ್ಲಿ ಎರಡು ಹೆಂಚಿನ ಮನೆ ಇವೆ. ಗಾಳಿ ಮನೆ ಕಡೆಗೇ ಬೀಸ್ತಾ ಇದೆ.”

“ಒಳಗೆ ಯಾರಾದರೂ ಇದ್ದಾರಾ?”

“ಇಲ್ಲ ಸಾರ್, ಎಲ್ಲರನ್ನೂ ಹೊರಗೆ ಕರ್ಕೊಂಡು ಬಂದಿದ್ದೀವಿ.”

“ಹತ್ತಿರ ನೀರು ಇದೆಯಾ?”

“ಕೆರೆ ಇದೆ. ಏರಿ ತನಕ ಗಾಡಿ ಬರುತ್ತೆ. ತಿರುವಿನಲ್ಲಿ ಒಬ್ಬ ಹುಡುಗ ಟಾರ್ಚ್ ಹಿಡಿದು ನಿಂತಿರ್ತಾನೆ.”

“ಸರಿ ಅಮ್ಮ, ಹೊರಟ್ವಿ. ಫೋನ್ ಆಫ್ ಮಾಡಬೇಡಿ.”

ಈ ಮಾತುಗಳಲ್ಲಿ ಏನೇನು ಇದೆ ನೋಡಿದಿರಾ? ಎಲ್ಲಿ, ಏನು, ಯಾರು, ನೀರು, ದಾರಿ. ಐದೇ ವಿಷಯ. ಇಷ್ಟು ತಿಳಿದರೆ ಒಂದು ಗಾಡಿ ಸಾಕೋ, ಪಕ್ಕದ ಠಾಣೆಯನ್ನೂ ಕರೆಯಬೇಕೋ ಎಂದು ಠಾಣೆಯವರು ಹೊರಡುವಾಗಲೇ ತೀರ್ಮಾನ ಮಾಡಬಹುದು. ಬಂದು ನೋಡಿ ಆಮೇಲೆ ಕರೆದರೆ ಅಷ್ಟು ಹೊತ್ತು ವ್ಯರ್ಥ.

ಬೆಂಕಿಗೆ ಊರ ಗಡಿಕಲ್ಲು ಕಾಣುವುದಿಲ್ಲ. ಜಾತಿ ಕಾಣುವುದಿಲ್ಲ, ಪಾರ್ಟಿ ಕಾಣುವುದಿಲ್ಲ. ಇವತ್ತು ಅವರ ಮನೆ, ನಾಳೆ ನಮ್ಮ ಮನೆ. ಮುಯ್ಯಾಳಿಗೆ ಹಿಂದಿನ ದಿನ ಮಾತಾಡುವಂತೆ ಬೆಂಕಿಗೂ ಮೊದಲೇ ಮಾತಾಡಿಕೊಳ್ಳೋಣ. ಈ ಬೇಸಿಗೆ ಬರುವ ಮೊದಲೇ ಊರಿನಲ್ಲಿ ಒಂದು ಸಭೆ ಸೇರೋಣ.

ಹೇಳಿರಿ

1. ಬಾಲ್ಟಿಮೋರಿಗೆ ಸಹಾಯ ಬಂದರೂ ಬೆಂಕಿ ಏಕೆ ಬೇಗ ಆರಲಿಲ್ಲ?
2. ಏಪ್ರಿಲ್ 14ರಂದು ನಾವು ಯಾರನ್ನು ನೆನೆಯುತ್ತೇವೆ?
3. ಬಂದ ಗಾಡಿಗಳು ದೂರದಲ್ಲಿ ಏಕೆ ನಿಲ್ಲಬೇಕು?

ಲೆಕ್ಕ ಮಾಡಿರಿ

ನೀರು 5 ನಿಮಿಷದ ದಾರಿಯಲ್ಲಿ ಇದೆ. ಹಾಯಿಸಲು 10 ನಿಮಿಷ, ತುಂಬಿಸಲು 10 ನಿಮಿಷ. ಒಂದು ಸುತ್ತಿಗೆ ಎಷ್ಟು ನಿಮಿಷ? ಒಂದು ಪೈಪಿನಲ್ಲಿ ನೀರು ನಿಲ್ಲದಿರಲು ಎಷ್ಟು ಗಾಡಿ ಬೇಕು?

ಬರೆದು ಗೋಡೆಗೆ ಅಂಟಿಸಿರಿ

ನಮ್ಮ ಊರಿನ ನೀರಿನ ಜಾಗ: ____________
ಗಾಡಿ ಬರುವ ದಾರಿ: ____________
ಊರಿನ ಪರವಾಗಿ ಮಾತಾಡುವವರು: ____________
ಅವರು ಇಲ್ಲದಿದ್ದರೆ: ____________
ಲೈನ್‌ಮನ್ ನಂಬರು: ____________
ಬೆಂಕಿ ಬಿದ್ದರೆ: 101, 112

ಚರ್ಚೆ ಮಾಡಿರಿ

ನಮ್ಮ ಪಕ್ಕದ ಊರಿನವರ ಜೊತೆ ಕೂಡಿ ಯಾವ ಯಾವ ಕೆಲಸಕ್ಕೆ ಹೀಗೆ ಮೊದಲೇ ಮಾತಾಡಿಕೊಳ್ಳಬಹುದು?